ಮೊಗ್ಗಿನ ವಾಸನೆ

ಹಾರ್ಲೋ ಕಣಿವೆ, ವರ್ಮಾಂಟ್
ಮೇ ೬

ಪ್ರೀತಿಯ ಮಗ ಗಾಸ್ಟನ್‌ಗೆ,

ಈ ವ್ಯವಹಾರಕ್ಕೆ ಬಿದ್ದ ಖರ್ಚು: ಹನ್ನೊಂದು ಪೀಪಾಯಿ ಮೇಪಲ್ ಪಾಕ, ನಲವತ್ತು ವರ್ಷದ ಹೆಸರು, ಮತ್ತು ನೀನು. ಕಾಗದ ತಡವಾಯಿತು, ಮೂರು ಸಲ ಬರೆದು ಒಲೆಗೆ ಹಾಕಿದೆ. ನಿನ್ನ ಮಾವನ ಮನೆಯಲ್ಲಿ ನೀವು ಮೂವರೂ ಕ್ಷೇಮವೆಂದು ನಂಬಿದ್ದೇನೆ. ನನಗೆ ಕೂತರೆ ಏಳೋಣ ಎನಿಸುತ್ತದೆ, ಎದ್ದರೆ ಎಲ್ಲಿಗೆಂದು ತಿಳಿಯುವುದಿಲ್ಲ.

ಫೆಬ್ರವರಿಯಲ್ಲಿ ಹಿಮಗಡ್ಡೆಯ ಮೇಲೆ ಜಾರಿ ತಲೆಗೆ ಪೆಟ್ಟು ಮಾಡಿಕೊಂಡೆನಲ್ಲ, ಮರುದಿನದಿಂದ ಕಾಫಿ ಬರೀ ಕಹಿ ಬಿಸಿನೀರಾಯಿತು. ನೆಗಡಿ ಎಂದುಕೊಂಡೆ. ತಿಂಗಳಾದರೂ ಬಿಡದಾಗ ಬಾಯಿ ಮುಚ್ಚಿಕೊಂಡೆ. ಮೂಗು ಸತ್ತವನ ಪಾಕ ಯಾರು ಕೊಳ್ಳುತ್ತಾರೆ?

ಮೇಪಲ್ ಮರ ಮೊಗ್ಗೊಡೆದರೆ ಪಾಕ ಕಾಯಿಸುವ ರಸ ಕೆಡುತ್ತದೆಂದು ನಿನಗೆ ಕಲಿಸಿದವನೇ ನಾನು. ಏಪ್ರಿಲ್‌ನಲ್ಲಿ ಪಾಕ ಕುದಿಯುವಾಗ, "ಅಪ್ಪಾ, ಆವಿ ಕೊಳೆತ ಕೋಸಿನ ಹಾಗೆ ಹೊಡೀತಿದೆ. ಒಲೆ ಆರಿಸು," ಅಂದೆ ನೀನು. ನಾನು ಚಮಚ ನೆಕ್ಕಿದೆ, ಸಿಹಿ ಇತ್ತು. "ನಿನ್ನೆ ಮೊನ್ನೆ ಸೌಟು ಹಿಡಿದವನು ನನಗೇ ಹೇಳಿಕೊಡ್ತೀಯಾ? ಸೌದೆ ಹಾಕು!" ಎಂದು ಇನ್ನೂ ಮೂರು ದಿನ ಕಾಯಿಸಿದೆ. ಕೊಳ್ಳುವವನು ಮುಚ್ಚಳ ತೆಗೆದು, "ಲೂಷಿಯನ್, ಇದನ್ನ ಹಂದೀನೂ ಮೂಸಲ್ಲ" ಅಂದಾಗ, ಕೆಲಸದವರೆದುರೇ "ಇವನು ತೊಟ್ಟಿ ತೊಳೆದಿಲ್ಲ" ಎಂದುಬಿಟ್ಟೆ. ತೊಟ್ಟಿ ಹೊಳೆಯುತ್ತಿತ್ತು. ನಾನು ನೋಡಿದ್ದೆ. ಮರುದಿನವೇ ನೀನು ಮನೆ ಬಿಟ್ಟೆ.

ಕಳೆದ ವಾರ ಕೆಟ್ಟುಹೋದ ಮೀನನ್ನು ಗೊತ್ತಾಗದೆ ಹುರಿಯುತ್ತಿದ್ದೆ. ಪಕ್ಕದ ಮನೆಯ ವರ್ನಾ ಓಡಿಬಂದಳು. "ಮೂಗನ್ನೇನು ಅಡವಿಟ್ಟಿದ್ದೀಯಾ ಮುದುಕಾ?" ಎಂದು ಬೈದು ವೈದ್ಯೆಯ ಬಳಿ ಎಳೆದೊಯ್ದಳು. ಅಲ್ಲಿ ಕಾಗದ ಕೆರೆದು ಮೂಸುವ ನಲವತ್ತು ವಾಸನೆಯ ಪರೀಕ್ಷೆ, ಒಂದೊಂದಕ್ಕೂ ಆರಿಸಲು ನಾಲ್ಕು ಉತ್ತರ. ನನ್ನದು ಒಂಬತ್ತು ಸರಿ. "ಕಣ್ಣು ಮುಚ್ಚಿ ಗುರುತು ಹಾಕಿದ್ರೂ ಹತ್ತು ಬರ್ತಿತ್ತು," ಎಂದಳು ವೈದ್ಯೆ, ಪುಣ್ಯಾತ್ಗಿತ್ತಿ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದೇ ಗೊತ್ತಂತೆ. ಉಳಿದ ರುಚಿಯೆಲ್ಲ ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆ. ಮೂಗಿನೊಳಗೆ ಮೇಲ್ಭಾಗದಲ್ಲಿ ಜರಡಿಯಂಥ ಮೂಳೆಯಿದೆ. ಅದರ ತೂತುಗಳಲ್ಲಿ ಮಿದುಳಿಗೇರುವ ನೂಲಿನಂಥ ನರಗಳು ಬಿದ್ದ ಪೆಟ್ಟಿಗೆ ಹರಿದಿವೆ. ಅವಳು ಹೇಳಿದಂತೆ ಬೆಳಿಗ್ಗೆ ಸಂಜೆ ಲವಂಗ, ನಿಂಬೆ, ಗುಲಾಬಿ ಮೂಸುತ್ತಿದ್ದೇನೆ. ನರ ಬೆಳೆದರೂ ಬೆಳೆಯಬಹುದು; ಅವಳು ಮಾತು ಕೊಡಲಿಲ್ಲ.

ಕೆಲಸದವರನ್ನು ಸೇರಿಸಿ ತಪ್ಪು ನನ್ನದೆಂದು ಹೇಳಿದ್ದೇನೆ. ಮುಂದಿನ ವರ್ಷ ಒಲೆ ಆರಿಸುವ ಮಾತು ನಿನ್ನದು, ನೀನು ಬಂದರೆ.

ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಲೂಷಿಯನ್

ಮತ್ತೊಂದು ಮಾತು: ಮಾರ್ಚ್‌ನಲ್ಲಿ ನಿನ್ನ ಹೆಂಡತಿ ನೋಯೆಲಾ ಹಸುಗೂಸನ್ನು ನನ್ನ ತೋಳಿಗಿಟ್ಟು, "ನೆತ್ತಿ ಮೂಸಿ ನೋಡಿ ಮಾವ, ಹೇಗಿದೆ?" ಅಂದಳು. "ಅಮೃತ," ಅಂದೆ. ಏನೂ ಇರಲಿಲ್ಲ. ಕೂಸಾಗಿದ್ದಾಗಿನ ನಿನ್ನ ನೆತ್ತಿಯ ವಾಸನೆ ಇಂದಿಗೂ ನೆನಪಿದೆ ನನಗೆ. ನಿನ್ನ ಮೇಲೆ ಕಾರಿದ್ದು ಆ ಸಿಟ್ಟನ್ನು.

ಯಾರಿಗೇನು ಸಿಕ್ಕಿತು ಎಂದರೆ, ಕೊಳ್ಳುವವನಿಗೆ ಆ ಕೆಟ್ಟ ಪಾಕವೇ ಅಗ್ಗದಲ್ಲಿ, ತಂಬಾಕಿಗೆ ಬೆರೆಸಲು. ವರ್ನಾಗೆ ಊರಿಗೆಲ್ಲ ಹೇಳಲು ಕಥೆ. ನಿನಗೆ, ನೀನೇ ಸರಿ ಎಂಬ ಮಾತು. ನೋಯೆಲಾಗೆ ಒಂದು ಸುಳ್ಳು. ನನಗೆ ತೋಳಿನಲ್ಲಿ ಮೊಮ್ಮಗಳ ತೂಕ ಮಾತ್ರ, ಏಳೂಕಾಲು ಪೌಂಡು.