ಸಾಲ ಕೊಡುವವನಿಗೆ ಭಯವೇ ಇಲ್ಲವೆಂದರೆ

ಬನ್ನಿ, ಹತ್ತಿರ ಬನ್ನಿ! ಬಂಟ್ವಾಳದವರೇ, ಬೆಳ್ತಂಗಡಿಯವರೇ, ಮೂಡುಬಿದಿರೆಯಿಂದ ಬಂದವರೇ, ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಾ ಈ ಬಹಿರಂಗ ಪತ್ರ ಓದುತ್ತಿರುವವರೇ, ಎಲ್ಲರೂ ಕಿವಿಗೊಡಿ! ಮಾನ್ಯ ಅಧಿಕಾರಿಗಳೇ, ಖಾಸಗಿ ಸಾಲದವರ ಮೇಲೆ ಕಣ್ಣಿಡಲೆಂದೇ ಸರಕಾರ ನೇಮಿಸಿರುವ ತಮಗೆ ಮುಂದಿನ ಸಾಲಿನ ಕುರ್ಚಿಯನ್ನು ಕಾದಿರಿಸಿದ್ದೇನೆ. ನನ್ನ ದೂರು ಇಷ್ಟೇ: ಜಾಗದ ಮೇಲೆ ಸಾಲ ಕೊಡಿಸುತ್ತೇವೆಂದು ಬಂದು, ಸಾಲದ ಒಂದು ರೂಪಾಯಿಯನ್ನೂ ತೋರಿಸದೆ ಶುಲ್ಕದ ಮೇಲೆ ಶುಲ್ಕ ಕಿತ್ತುಕೊಳ್ಳುವವರು ಇಲ್ಲಿ ರಾಜಾರೋಷವಾಗಿ ಓಡಾಡುತ್ತಿದ್ದಾರೆ. ಅವರು ತಮಗೆ ಕಾಣುತ್ತಿಲ್ಲವೋ, ಕಂಡೂ ಕಾಣದವರ ಪಾತ್ರವೇ ತಮ್ಮದೋ, ಅದು ನನಗೆ ಗೊತ್ತಾಗಬೇಕು.

ಪುಂಜಾಲಕಟ್ಟೆಯ ಸ್ವರ್ಣಲತಾ ನಾಟಕದವರಿಗೆ ವೇಷಭೂಷಣ ಬಾಡಿಗೆಗೆ ಕೊಡುವವಳು, ನನಗೆ ತಂಗಿಯ ಹಾಗೆ. ಈ ಸುತ್ತಿನ ರಾಜ, ಮಂತ್ರಿ, ರಾಕ್ಷಸರೆಲ್ಲ ಅವಳ ಪೆಟ್ಟಿಗೆಯಿಂದಲೇ ಎದ್ದು ಬಂದವರು. ರಸ್ತೆ ಬದಿಯ ತನ್ನ ಐದು ಸೆಂಟ್ಸ್ ಜಾಗದಲ್ಲಿ ಒಂದು ಅಂಗಡಿ ಕಟ್ಟಲು ಹೊರಟಳು. ಗೋಡೆ ಎದ್ದಿತು, ದುಡ್ಡು ಮುಗಿಯಿತು. ಕೃಷಿ ಜಾಗದ ಕನ್ವರ್ಷನ್ ಆಗಿಲ್ಲವೆಂದು ಬ್ಯಾಂಕಿನವರು ಕೈಯಲ್ಲಾಡಿಸಿಬಿಟ್ಟರು. ಆಗ ರಂಗಪ್ರವೇಶ ಮಾಡಿದವನೇ ಉಜ್ವಲ್ ಎಂಬ ಏಜೆಂಟ.

"ಕನ್ವರ್ಷನ್ ಇಲ್ದಿದ್ರೂ ಪರವಾಗಿಲ್ಲ ಮೇಡಂ. ಇಪ್ಪತ್ತು ಲಕ್ಷ, ಒಂದೇ ವಾರದಲ್ಲಿ ಮಾಡಿಸ್ಕೊಡ್ತೀನಿ. ಪ್ರೊಸೆಸಿಂಗ್ ಫೀ ಮಾತ್ರ ಮೊದ್ಲು ಕಟ್ಬೇಕು."

ಅಷ್ಟು ಹೇಳಿದಾಗಲೇ ಸಂಶಯ ಬರಬೇಕಿತ್ತಲ್ಲವೇ ಎಂದು ತಾವು ಕೇಳಬಹುದು. ನಮ್ಮವರ ನಂಬಿಕೆ ಬೇರೆ, ಮಾನ್ಯರೇ. ನಾಟಕ ಗೊತ್ತುಮಾಡುವವರು ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆಯ ಜೊತೆ ಮುಂಗಡ ಇಡುತ್ತಾರೆ. ಅದನ್ನು ಮುಟ್ಟಿದ ತಂಡ, ನಾಯಕನಿಗೆ ಜ್ವರ ಬಂದರೂ, ಅದೇ ದಿನ ಅದೇ ವೇದಿಕೆ ಹತ್ತಲೇಬೇಕು. ಮುಂಗಡ ಮುಟ್ಟಿ ಮಾತಿಗೆ ತಪ್ಪಿದವನನ್ನು ಸ್ವರ್ಣಲತಾ ಜನ್ಮದಲ್ಲಿ ಕಂಡವಳಲ್ಲ. ಆದ್ದರಿಂದ ನಲವತ್ತು ಸಾವಿರವನ್ನು ಎಲೆ ಅಡಿಕೆಯ ಜೊತೆ ಹರಿವಾಣದಲ್ಲಿಟ್ಟು ಎರಡು ಕೈಯಲ್ಲಿ ಕೊಟ್ಟಳು. ಅವನು ನೋಟು ಎತ್ತಿಕೊಂಡ. ಎಲೆ ಅಡಿಕೆ ಅಲ್ಲೇ ಉಳಿಯಿತು. "ಪಾಪ, ಘಟ್ಟದ ಮೇಲಿನವ, ನಮ್ಮ ಕ್ರಮ ಗೊತ್ತಿಲ್ಲ" ಎಂದಳು ಇವಳು!

ಮರುವಾರ ಜಾಗ ನೋಡಲು ಅವನ ಕಡೆಯ ಇಂಜಿನಿಯರೆಂದು ಒಬ್ಬ ಬಂದ. ನಾನೂ ಇದ್ದೆ. ಗೇಟಿನ ಹೊರಗೆ ನಿಂತು ಎರಡು ಫೋಟೋ ಹೊಡೆದವನೇ ಕಾರಿನತ್ತ ತಿರುಗಿದ.

"ಗಡಿಕಲ್ಲು ನೋಡುದಿಲ್ವಾ ಮಾರಾಯ್ರೆ?" ಎಂದೆ.

"ಬೇಡ ಸರ್, ಸ್ಯಾಟಲೈಟಲ್ಲೇ ನೋಡಿದೀವಿ."

ಆಹಾ! ಉಪಗ್ರಹಕ್ಕೆ ಕಂಡ ಕಲ್ಲು ಗೇಟಿನಲ್ಲಿ ನಿಂತವನಿಗೆ ಬೇಡವಾಯಿತು! ನಲವತ್ತು ವರ್ಷ ರಂಗದಲ್ಲಿ ಹೆದರಿದವನನ್ನೂ ಹೆದರಿದಂತೆ ನಟಿಸುವವನನ್ನೂ ಹತ್ತಿರದಿಂದ ಕಂಡವನು ನಾನು. ಇವನ ಮುಖದಲ್ಲಿ ಎರಡೂ ಇರಲಿಲ್ಲ. ಇಪ್ಪತ್ತು ಲಕ್ಷ ಕೊಡುವವನಿಗೆ ಅದು ತಿರುಗಿ ಬಾರದಿದ್ದರೆ ಎಂಬ ಭಯ ಇರಬೇಕಲ್ಲವೇ? ಆರ್‌ಟಿಸಿಯಲ್ಲಿ ಯಾರ ಹೆಸರುಂಟು, ಅಣ್ಣ ತಮ್ಮಂದಿರ ತಕರಾರು ಉಂಟಾ, ಕಂತು ಎಲ್ಲಿಂದ ಕಟ್ಟುತ್ತೀರಿ ಎಂದು ಅವನು ತಲೆ ತಿನ್ನಬೇಕಲ್ಲವೇ? ಒಂದು ಪ್ರಶ್ನೆಯೂ ಇಲ್ಲ! ಮನೆಗೆ ಕರೆದು ನಾನು ಕೊಟ್ಟ ಚಹಾ ಕುಡಿದು ಕಾರು ಹತ್ತಿದ. ಹಣ ಕಳೆದುಕೊಳ್ಳುವ ಭಯವಿಲ್ಲದವನ ಹತ್ತಿರ ಕೊಡಲಿಕ್ಕೆ ಹಣವೂ ಇರುವುದಿಲ್ಲ.

ಆಮೇಲೆ ಸಾಲಕ್ಕೆ ವಿಮೆಯೆಂದು ಅರುವತ್ತು ಸಾವಿರ ಹೋಯಿತು. ಈಗ "ಲೋನ್ ಸ್ಯಾಂಕ್ಷನ್ ಆಗಿದೆ, ತೆರಿಗೆ ಒಂದೂವರೆ ಲಕ್ಷ ಕಟ್ಟಿದ ಕೂಡ್ಲೇ ರಿಲೀಸ್" ಎನ್ನುತ್ತಾನೆ. ಸ್ವರ್ಣಲತಾ ಕಿರೀಟ, ಭುಜಕೀರ್ತಿ, ಜರಿಯ ನಿಲುವಂಗಿಗಳನ್ನೆಲ್ಲ ಪೆಟ್ಟಿಗೆ ಸಮೇತ ಮೂಡುಬಿದಿರೆಯ ಒಬ್ಬರಿಗೆ ಮಾರಲು ಮಾತಾಡಿಬಿಟ್ಟಿದ್ದಾಳೆ.

"ಇದು ಕೊಡದಿದ್ರೆ ಮೊದಲು ಕೊಟ್ಟದ್ದೂ ಹೋಗ್ತದಲ್ವಾ ಲೋಕಣ್ಣ?"

"ಅದು ಹೋಗಿಯೇ ಆಗಿದೆ ತಂಗಿ! ಹೋದದ್ದಕ್ಕೆ ಜೊತೆಯಾಗ್ಲಿ ಅಂತ ಇದನ್ನೂ ಕಳಿಸುದಾ?"

"ನೀವು ಸ್ಟೇಜಿನಲ್ಲಿ ಎಲ್ಲರನ್ನೂ ಸಂಶಯ ಮಾಡಿ ಮಾಡಿ ಅದೇ ಅಭ್ಯಾಸ ಆಗಿದೆ ನಿಮಗೆ."

ಇರಬಹುದು. ಅದಕ್ಕೇ ತಮ್ಮ ಬಾಯಿಂದ ಹೇಳಿಸೋಣವೆಂದು ತಮ್ಮ ಕಚೇರಿಗೆ ಬಂದೆ. ಪಟ್ಟಿ ನೋಡಿದ ತಾವು, "ಅವರು ನಮ್ಮ ಲೈಸೆನ್ಸ್ ಇದ್ದವರಲ್ಲ" ಎಂದಿರಿ. "ಹಾಗಾದ್ರೆ ಅಷ್ಟನ್ನೇ ಬರೆದು ಕೊಡಿ ಸಾರ್, ಅವಳಿಗೆ ತೋರಿಸ್ತೇನೆ" ಎಂದೆ. "ನಮ್ಮ ಪಟ್ಟಿಯಲ್ಲಿ ಇಲ್ಲದವರ ಬಗ್ಗೆ ನಾವು ಬರೆದು ಕೊಡ್ಲಿಕ್ಕಾಗುದಿಲ್ಲ" ಎಂದಿರಿ. ಎಂಥ ಸಂಭಾಷಣೆ, ಮಾನ್ಯರೇ! ಪರವಾನಗಿ ಇದ್ದವನು ತಮಗೆ ಹೆದರಬೇಕು, ಇಲ್ಲದವನು ಯಾರಿಗೂ ಹೆದರಬೇಕಿಲ್ಲ! ಹೊರಗೆ ಬಂದರೆ ತಮ್ಮದೇ ಕಾಂಪೌಂಡಿನ ಗೋಡೆಯಲ್ಲಿ "ಜಾಗದ ಮೇಲೆ ತಕ್ಷಣ ಸಾಲ" ಎಂಬ ಚೀಟಿ, ಕೆಳಗೆ ಅದೇ ಉಜ್ವಲನ ನಂಬರು. ಸರಕಾರಿ ಗೋಡೆಯಲ್ಲಿ ಕಂಡದ್ದರಿಂದಲೇ ಸ್ವರ್ಣಲತಾ ಆ ನಂಬರಿಗೆ ಫೋನ್ ಮಾಡಿದ್ದಂತೆ. ಅಂಟಿಸಿದವರು ಯಾರೆಂದು ನಾನು ಕೇಳುವುದಿಲ್ಲ. ಇಷ್ಟು ದಿನ ಕಿತ್ತು ಹಾಕದವರು ಯಾರು?

ಶುಲ್ಕವೆಂದರೆ ಎಲ್ಲವೂ ಮೋಸವೆಂದು ನಾನು ಹೇಳುತ್ತಿಲ್ಲ. ನಿಜವಾದ ಸಾಲದವರಲ್ಲೂ ಖರ್ಚು ಉಂಟು. ಆದರೆ ವಕೀಲರ ಫೀಸನ್ನು ನಮಗೆ ಗೊತ್ತಿರುವ ವಕೀಲರ ಕೈಗೇ ಕೊಟ್ಟು ರಸೀದಿ ಪಡೆಯಬಹುದು. ಕಾಗದಪತ್ರವನ್ನು ಅವರಿಂದ ಓದಿಸಬಹುದು. ಉಳಿದ ಖರ್ಚನ್ನು ಸಾಲದಿಂದಲೇ ಮುರಿದುಕೊಳ್ಳಿ ಎನ್ನಬಹುದು. ಹಾಗೆಂದ ಕೂಡಲೇ ಯಾರ ದನಿ ಬದಲಾಗುತ್ತದೋ ಅವನಿಗೆ ದೂರದಿಂದಲೇ ನಮಸ್ಕಾರ ಹೇಳಬೇಕು. ಈ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ, ಪರವಾನಗಿ ಇದ್ದವರ ಹೆಸರುಗಳ ಜೊತೆ ತಮ್ಮ ಗೇಟಿನಲ್ಲಿ ತೂಗುಹಾಕಬೇಕು. ಪಟ್ಟಿಯಲ್ಲಿ ಇಲ್ಲದವನ ಬಗ್ಗೆ ಯಾರೇ ಬಂದು ಕೇಳಿದರೂ "ಇಲ್ಲ" ಎಂದು ಸಹಿ ಹಾಕಿ ಕೊಡಬೇಕು. ಇದು ನನ್ನ ಬೇಡಿಕೆ.

ಪೆಟ್ಟಿಗೆ ಕೊಂಡುಹೋಗಲು ಮೂಡುಬಿದಿರೆಯವರು ನಾಳೆ ಮಧ್ಯಾಹ್ನ ಬರುತ್ತಾರೆ. "ಅಲ್ಲಿವರೆಗೆ ಕಾಯ್ತೇನೆ ಲೋಕಣ್ಣ, ಆಮೇಲೆ ನೀವು ಬೇಡ ಹೇಳಬಾರದು" ಎಂದಿದ್ದಾಳೆ ಸ್ವರ್ಣಲತಾ. ಆದ್ದರಿಂದ ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಡುತ್ತೇನೆ. ಅಲ್ಲಿಂದ ನೇರ ತಮ್ಮ ಕೋಣೆಗೆ ಬಂದು, ತಮ್ಮ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, "ತೆರಿಗೆಯನ್ನು ಸಾಲದಿಂದಲೇ ಮುರಿದುಕೊಳ್ಳಿ" ಎಂದು ಅವಳಿಂದಲೇ ಅವನಿಗೆ ಹೇಳಿಸುತ್ತೇನೆ. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತು. ಅದನ್ನು ಕೇಳಿದ ಮೇಲೆ ತಾವು ಏನು ಹೇಳುತ್ತೀರೆಂಬುದು ಗೊತ್ತಿಲ್ಲ. ಅದು ಕಿವಿಗೆ ಬೀಳುವವರೆಗೆ ನಾಳೆ ಅಲ್ಲಿಂದ ಕದಲುವುದಿಲ್ಲ.

ಇಂತಿ,
ಸಾವಿರ ಸಲ ಖಳನಾಯಕನಾಗಿ ಗರ್ಜಿಸಿಯೂ ಮನೆಗೆ ಬಂದ ಖಳನಿಗೆ ಚಹಾ ಕೊಟ್ಟು ಕಳುಹಿಸಿದ
ಲೋಕನಾಥ, ಪುಂಜಾಲಕಟ್ಟೆ