ಆ ಮನೆಯಲ್ಲಿ ಗೋಧಿ ಬೇಯಿಸುವುದಿಲ್ಲ

ದುಬೊಲಾಜ್
ನವೆಂಬರ್ 23, 2007

ನನ್ನನ್ನು ಬೆನ್ನುಮೂಳೆಯಿಲ್ಲದವನೆಂದು ಕರೆದು ಹೊರಟುಹೋದ ನನ್ನ ದೆಸಾಂಕಾಳಿಗೆ,

ತಿಹೊಮಿರ್ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀಯ. ಹರಿದು ಹಾಕುವ ಮುಂಚೆ ಅರ್ಧವಾದರೂ ಓದು. ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ನೋವು ಇದ್ದದ್ದೇ. ಹೋದ ವಾರ ಗಿರಣಿಯ ಜೀವೊಯಿನ್ ಹತ್ತಿರ ಸ್ವಲ್ಪ ಗೋಧಿ ತರಿಸಿಕೊಂಡರು, ಕೋಳಿಗಳಿಗಂತೆ. ಫೋನಿನಲ್ಲಿ ಅವರು ನಿನಗೆ ಚಳಿ, ಮಳೆ ಬಿಟ್ಟು ಬೇರೇನೂ ಹೇಳುವುದಿಲ್ಲವೆಂದು ಗೊತ್ತು. ಅದಕ್ಕೇ ರಾದಿಸಾವನ ಸುದ್ದಿಯನ್ನು ನಾನೇ ತಿಳಿಸುತ್ತಿದ್ದೇನೆ.

ಮೊದಲು ನಿನಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆಯುತ್ತೇನೆ. ಇಷ್ಟು ವರ್ಷ ಇದನ್ನು ಹೇಳಿದಾಗಲೆಲ್ಲ ಜನ ನನ್ನ ಹಣೆಯ ಗಾಯ ನೋಡಿ ತಲೆಯಾಡಿಸಿದ್ದಾರೆ. ಒಂದು ಸಲವಾದರೂ ಯಾರೂ ಅಡ್ಡ ಬಾಯಿ ಹಾಕದಂತೆ ಪೂರ್ತಿ ಹೇಳಿ ಮುಗಿಸುವ ಆಸೆ. ಹದಿನಾರು ವರ್ಷದ ಹಿಂದಿನ ಯುದ್ಧದಲ್ಲಿ, ಕಾಲುವೆ ಪಕ್ಕದ ಜೋಳದ ಹೊಲದಲ್ಲಿ ಶೆಲ್ ಬಿದ್ದಾಗ ನನ್ನ ತಲೆಗೆ ಚೂರು ಹೊಕ್ಕಿತು, ನಿನ್ನ ತಮ್ಮ ವೆಲ್ಕೊನ ತೊಡೆ ಒಡೆಯಿತು. ನನ್ನನ್ನು ಲಾರಿಗೆ ಎತ್ತಿ ಹಾಕಿದರು. ಅವನಿನ್ನೂ ಕೆಳಗಿದ್ದ. ಕ್ಯಾಪ್ಟನ್ ರಾದಿಸಾವ್ ಮುಂದೆ ಹತ್ತಿ ಕುಳಿತ. ವೆಲ್ಕೊ ಕೂಗಿದ್ದು ನನಗೆ ಕೇಳಿಸಿತು, ರಾದಿಸಾವ್ ಡ್ರೈವರಿಗೆ "ನಡಿ" ಅಂದದ್ದೂ ಕೇಳಿಸಿತು. ಲಾರಿಯಲ್ಲಿ ಜಾಗವಿತ್ತು, ದೆಸಾಂಕಾ.

ವೆಲ್ಕೊ ಬಂದೂಕು ಬಿಸಾಕಿ ಓಡಿಹೋದ ಎಂದು ರಾದಿಸಾವ್ ಮೇಲಿನವರಿಗೆ ವರದಿ ಮಾಡಿದ. ವೆಲ್ಕೊನ ಹೆಣವೂ ಸಿಗಲಿಲ್ಲ. ಡ್ರೈವರ್ ಅದೇ ಚಳಿಗಾಲದಲ್ಲಿ ಸತ್ತ. ಉಳಿದ ಸಾಕ್ಷಿ ನಾನೊಬ್ಬನೇ. ನಾನು ಕೋರ್ಟಿನಲ್ಲಿ ನಿಂತು ಹೇಳಿದಾಗ ರಾದಿಸಾವ್ ಬಹಳ ಮೃದುವಾಗಿ, "ಪಾಪ, ಒಳ್ಳೇ ಹುಡುಗ. ತಲೆ ಒಳಗೆ ಕಬ್ಬಿಣ ಉಳ್ಕೊಂಡಿದೆ, ಏನೇನೋ ಕೇಳಿಸ್ತದೆ ಅವನಿಗೆ" ಅಂದ. ಅಷ್ಟಕ್ಕೇ ಮುಗಿಯಿತು. ನಿಮ್ಮಮ್ಮ ಊರಿಗೆಲ್ಲ ಓಡಿಹೋದವನ ತಾಯಿಯಾದರು. ಸ್ಲಾವಾದ ದಿನ ಮನೆದೇವರ ಮುಂದೆ ಮೇಣದಬತ್ತಿ ಹಚ್ಚಿ, ಮೇಜು ತುಂಬ ಊಟವಿಟ್ಟು, ಬಾಗಿಲು ತೆರೆದಿಟ್ಟು ನಿಲ್ಲುತ್ತಿದ್ದರು. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ, ತಾವಾಗಿಯೇ ಬರಬೇಕು. ಒಬ್ಬರೂ ಬರುತ್ತಿರಲಿಲ್ಲ. ಮಾಡಿದ ಊಟವನ್ನು ಮೂರು ದಿನ ನಾವೇ ತಿನ್ನುತ್ತಿದ್ದೆವು.

ನಾನು ಓದು ಮುಗಿಸಿ ಶಾಲೆಯ ಭಾಷಾ ಮೇಷ್ಟ್ರಾದೆ. ರಾದಿಸಾವನ ಮಗಳು ನನ್ನ ತರಗತಿಗೇ ಬಂದಳು. ಜಾಣೆ, ಸಿಗಬೇಕಾದ ಅಂಕ ಕೊಟ್ಟೆ. ಅವನು ಎದುರಾದಾಗ ಟೋಪಿ ತೆಗೆದೆ. ನಿನ್ನಿಂದ ಅದನ್ನು ಸಹಿಸಲಾಗಲಿಲ್ಲ. "ಅವನ ಮಗಳಿಗೆ ಕವಿತೆ ಕಲಿಸ್ತೀಯ, ಅವನಿಗೆ ಟೋಪಿ ತೆಗೀತೀಯ. ನನ್ ತಮ್ಮನ ಜಾಗದಲ್ಲಿ ಲಾರೀಲಿ ಮಲ್ಕೊಂಡು ಬಂದೋನು ನೀನು" ಅಂದೆ. ಆ ಕೊನೆಯ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಟೋಪಿ ಏಕೆ ತೆಗೆಯುತ್ತಿದ್ದೆನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಟೋಪಿ ತೆಗೆಯುವವನಿಗೆ ಯಾರೂ ಹೆದರುವುದಿಲ್ಲ, ಅದಕ್ಕೆ.

ಈ ಬೇಸಿಗೆಯಲ್ಲಿ ರಾದಿಸಾವನಿಗೆ ಮೇಯರ್ ಆಗುವ ಹುಚ್ಚು ಹಿಡಿಯಿತು. ಯುದ್ಧ ಮಾಡಿ ಬಂದವನು ಎಂದು ಹೇಳಿಕೊಳ್ಳಲು ಈ ಊರಿನವನೇ ಒಬ್ಬ ಸತ್ತ ಸಿಪಾಯಿ ಬೇಕಿತ್ತು. ಓಡಿಹೋದ ವೆಲ್ಕೊ ಒಂದೇ ತಿಂಗಳಲ್ಲಿ ವೀರನಾಗಿಬಿಟ್ಟ. ಹಿಂದೆ ಮಾಡಿದ ವರದಿ ತಪ್ಪು ತಿಳುವಳಿಕೆಯಂತೆ. ಶಾಲೆಯ ಹೊಸ ವ್ಯಾಯಾಮಶಾಲೆಗೆ ಅವನ ಹೆಸರು, ಗೋಡೆಯ ಮೇಲೆ ಅಮೃತಶಿಲೆಯ ಫಲಕ, ರಾದಿಸಾವನ ಭಾಷಣ. ಭಾಷಣ ಬರೆಸಲು ಅವನು ಯಾರ ಬಳಿ ಬಂದ ಎಂದುಕೊಂಡಿದ್ದೀಯ?

ರಾಕಿಯಾ ಬಾಟಲಿ ಹಿಡಿದು ಶಿಕ್ಷಕರ ಕೋಣೆಗೇ ಬಂದ. "ಹಳೇದೆಲ್ಲ ಬಿಟ್ಹಾಕಿ ಮೇಷ್ಟ್ರೇ. ನಿಮ್ಮಷ್ಟು ಚೆಂದ ಇಲ್ಲಿ ಯಾರು ಬರೀತಾರೆ? ಹುಡುಗ ನನ್ ತೋಳಲ್ಲೇ ಪ್ರಾಣ ಬಿಟ್ಟ, ಅಮ್ಮನ್ನ ನೋಡ್ಕೊಳ್ಳಿ ಕ್ಯಾಪ್ಟನ್ ಅಂದ, ಅಂತ ಬರೀರಿ. ಹೆಂಗಸರು ಕಣ್ಣೊರೆಸ್ಕೋಬೇಕು, ಅಷ್ಟೇ" ಅಂದ. ನನ್ನ ಕಿವಿಯಲ್ಲಿ ಆ ಲಾರಿ ಓಡುತ್ತಿತ್ತು. ಆದರೂ ವಿನಯದಿಂದಲೇ, "ಅಮ್ಮನ್ನ ನೋಡ್ಕೊಳ್ಳಿ ಅಂದಿದ್ರೆ, ನೀವು ಆ ಮನೆಗೆ ಹೋಗ್ತಿದ್ರಾ ಅಂತ ಜನ ಕೇಳ್ತಾರಲ್ಲ ಸಾಹೇಬ್ರೇ" ಅಂದೆ. ಸ್ವಲ್ಪ ಯೋಚಿಸಿದ. "ಪ್ರತಿ ವರ್ಷ ಸ್ಲಾವಾಕ್ಕೆ ಹೋಗ್ತೀನಿ ಅಂತ ಹಾಕಿ. ಆ ಮನೆಗೆ ಯಾರು ಕಾಲಿಡ್ತಾರೆ, ಇಲ್ಲ ಅನ್ನೋಕೆ? ಮುದುಕಿಗೆ ಮಗನ ಹೆಸರು ಕಲ್ಲಲ್ಲಿ ಬಂದ್ರೆ ಸಾಕು, ತುಟಿ ಬಿಚ್ಚಲ್ಲ."

ಹಾಕಿದೆ. ಪಾಠ ಮಾಡುವವನಲ್ಲವೇ, ವಿವರ ತುಂಬಿ ಹಾಕಿದೆ.

ನಾನು ಅಳಿಯನಾಗಿ ನಿಮ್ಮ ಮನೆಯ ಸ್ಲಾವಾಕ್ಕೆ ಬಂದ ಮೊದಲ ವರ್ಷ ನೆನಪಿದೆಯೇ? ಬೇರೆ ಸಂತರ ಒಕ್ಕಲಿನ ಮನೆಗಳಲ್ಲಿ ಬಾಗಿಲಲ್ಲೇ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ನಿಂತಿರುತ್ತಾರೆ, ಬಂದವರು ಒಂದು ಚಮಚ ತಿಂದೇ ಒಳಗೆ ಹೋಗಬೇಕು. ನಾನು ಪೆದ್ದನ ಹಾಗೆ ಗೋಧಿ ಎಲ್ಲಿ ಎಂದು ಕೇಳಿದೆ. ವೆಲ್ಕೊ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ನಗಲಿಲ್ಲ. "ಗೋಧಿ ಸತ್ತೋರಿಗಪ್ಪ. ನಮ್ಮ ಮಿಖಾಯಿಲ್ ದೇವದೂತ, ಅವನಿಗೆ ಸಾವೆಲ್ಲಿದೆ? ಅವನ ಹಬ್ಬದಲ್ಲಿ ಈ ಮನೆ ಒಲೆ ಮೇಲೆ ಗೋಧಿ ಏರಲ್ಲ" ಅಂದರು. ಈ ಊರಲ್ಲಿ ಮಿಖಾಯಿಲನ ಒಕ್ಕಲೆಲ್ಲ ಹೀಗೇ, ಚಿಕ್ಕ ಮಕ್ಕಳಿಗೂ ಗೊತ್ತು; ಹೊರಗಿನಿಂದ ಬಂದ ಅಳಿಯನಿಗೆ ಮಾತ್ರ ಗೊತ್ತಿರಲಿಲ್ಲ. ರಾದಿಸಾವ್ ಹೊಳೆಯಾಚೆಯಿಂದ ಬಂದವನು, ಅವನ ಮನೆದೇವರು ಸಂತ ನಿಕೋಲಾ. ಅವನ ಮನೆಯಲ್ಲಿ ಗೋಧಿಗೆ ಅಕ್ರೋಟಿನ ಪುಡಿ, ಸಕ್ಕರೆ ಹಾಕಿ ದೊಡ್ಡ ತಟ್ಟೆಯಲ್ಲೇ ಇಡುತ್ತಾರೆ.

ಅಕ್ಟೋಬರ್ ಕೊನೆಗೆ ಸಮಾರಂಭ. ಊರೆಲ್ಲ ಸೇರಿತ್ತು. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ರಾದಿಸಾವ್ ಚೆನ್ನಾಗಿಯೇ ಓದಿದ. ತೋಳಲ್ಲಿ ಪ್ರಾಣ ಬಿಟ್ಟ ಭಾಗಕ್ಕೆ ಅವನ ದನಿ ನಡುಗಿತು. ಆಮೇಲೆ ನನ್ನ ಸಾಲುಗಳು ಬಂದವು: "ಪ್ರತಿ ವರ್ಷ ದೇವದೂತ ಮಿಖಾಯಿಲನ ದಿನ ನಾನು ಆ ಮನೆಯ ಹೊಸ್ತಿಲು ದಾಟುತ್ತೇನೆ. ಆ ತಾಯಿಯ ಕೈಯಿಂದ ಮೊದಲ ಚಮಚ ಗೋಧಿ ತಿನ್ನುವವನು ನಾನೇ."

ಸಭೆ ಕಲ್ಲಾಯಿತು. ಜನ ಕರಗಿಹೋದರು ಎಂದುಕೊಂಡ ರಾದಿಸಾವ್ ಆ ಸಾಲನ್ನು ಇನ್ನೊಮ್ಮೆ ಓದಿದ.

ಹಿಂದಿನಿಂದ ಜೀವೊಯಿನ್, "ಎಲ್ ತಿಂದ್ರಿ ಕ್ಯಾಪ್ಟನ್?" ಅಂದ. "ಇಲ್ಲೇ, ಸ್ತಮೆನಾ ತಾಯಿ ಮನೇಲಿ" ಅಂದ ರಾದಿಸಾವ್, ಅತ್ತೆಯತ್ತ ಕೈ ತೋರಿಸಿ. ಆಗ ಅತ್ತೆ ಎದ್ದು ನಿಂತರು. ಮೊಣಕಾಲು ನೋವಿಗೆ ಮುಂದಿನ ಕಂಬಿ ಹಿಡಿದುಕೊಂಡಿದ್ದರು. "ನಾನು ಸೊಸೆಯಾಗಿ ಬಂದಾಗಿಂದ ನಮ್ಮನೆ ಹಬ್ಬದಲ್ಲಿ ಗೋಧಿ ಬೆಂದಿಲ್ಲ. ನೀನು ಯಾರ ಮನೇಲಿ ತಿಂದ್ಯಪ್ಪ?"

ಯಾರೋ ಕಿಸಕ್ಕೆಂದರು. ರಾದಿಸಾವನ ಕುತ್ತಿಗೆ ಕೆಂಪೇರಿತು. ನಾನು ಹದಿನಾರು ವರ್ಷ ಕಾದದ್ದು ಅವನು ಆ ಕ್ಷಣ ಮಾಡಿದ ತಪ್ಪಿಗಾಗಿ. ನನ್ನತ್ತ ಬೆರಳು ತೋರಿಸಿ, "ಅದು ನಂದಲ್ಲ, ಮೇಷ್ಟ್ರು ಬರೆದಿದ್ದು!" ಅಂದುಬಿಟ್ಟ.

ಅತ್ತೆ ದನಿ ಏರಿಸಲಿಲ್ಲ. "ಹಂಗಾದ್ರೆ ನನ್ ಮಗ ನಿನ್ ತೋಳಲ್ಲಿ ಸತ್ತಿದ್ದೂ ಮೇಷ್ಟ್ರು ಬರೆದಿದ್ದಾ? ಮೊದಲು ಓಡಿಹೋದ ಅಂದಿ. ಈಗ ತೋಳಲ್ಲಿ ಸತ್ತ ಅಂತೀಯ. ಅವನನ್ನ ಎಲ್ಲಿ ಬಿಟ್ಟು ಬಂದೆ, ಅದೊಂದು ಹೇಳು ಸಾಕು."

ಅವನು ಕೈಯಲ್ಲಿದ್ದ ಕಾಗದ ತಿರುವಿ ಹಾಕಿದ. ನಾನು ಎದ್ದು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ, ಕಾಲುವೆ, ಲಾರಿ, "ನಡಿ" ಎಲ್ಲ ಹೇಳಿದೆ. ಯಾರೂ ನನ್ನ ಹಣೆ ನೋಡಲಿಲ್ಲ, ದೆಸಾಂಕಾ. ಎಲ್ಲರೂ ಅವನನ್ನು ನೋಡುತ್ತಿದ್ದರು. ಮೊದಲು ಜೀವೊಯಿನ್ ಎದ್ದು ಹೊರಗೆ ಹೋದ, ಆಮೇಲೆ ಒಂದೊಂದೇ ಸಾಲು ಖಾಲಿಯಾಯಿತು. ನನಗೆ ಅಯ್ಯೋ ಅನ್ನಿಸಿತೇ ಎಂದು ಕೇಳಬೇಡ. ಅನ್ನಿಸಲಿಲ್ಲ. ಆ ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದೆ. ಈಗ ಅವನು ಮೇಯರ್ ಮಾತು ಎತ್ತುವುದಿಲ್ಲ. ಕಾಫಿ ಅಂಗಡಿಗೆ ಬಂದರೆ ಪಕ್ಕದ ಕುರ್ಚಿಗಳು ಖಾಲಿಯಾಗುತ್ತವೆ. ವೆಲ್ಕೊನ ಹೆಸರು ಗೋಡೆಯ ಮೇಲೆ ಹಾಗೇ ಇದೆ. ಅದರ ಕೆಳಗಿದ್ದ ರಾದಿಸಾವನ ಹೆಸರನ್ನು ಮಾತ್ರ ಉಳಿಯಿಂದ ಕೆತ್ತಿ ತೆಗೆಸಿದರು.

ಮೊನ್ನೆ ನಿಮ್ಮ ಮನೆಯ ಸ್ಲಾವಾ. ಬುಧವಾರ ಬಿದ್ದಿತ್ತು, ಮಾಂಸ ಮುಟ್ಟದ ಉಪವಾಸದ ದಿನವಾದ್ದರಿಂದ ಮೀನಿನ ಅಡುಗೆ. ಅತ್ತೆ ಎಂದಿನಂತೆ ಬಾಗಿಲು ತೆರೆದಿಟ್ಟರು. ಬೆಳಿಗ್ಗೆಯೇ ಜೀವೊಯಿನ್ ಟೋಪಿ ಕೈಯಲ್ಲಿ ಹಿಡಿದು ಬಂದ. ಆಮೇಲೆ ಜನ ನಿಲ್ಲಲೇ ಇಲ್ಲ; ಅಕ್ಕಪಕ್ಕದ ಮನೆಯಿಂದ ಬೆಂಚು ತರಬೇಕಾಯಿತು. ಅತ್ತೆ ದಿನವಿಡೀ ನಿಂತೇ ಬಡಿಸಿದರು. ಕೂತುಕೊಳ್ಳಿ ಎಂದರೆ ನನ್ನನ್ನೇ ಗದರಿದರು. ನೀನು ಇರಬೇಕಿತ್ತು. ಕೋಪ ಇಳಿದಿದ್ದರೆ ಬಾ. ಇಳಿದಿಲ್ಲವಾದರೆ ಅದನ್ನು ಜೊತೆಗೇ ತೆಗೆದುಕೊಂಡು ಬಾ, ಇಲ್ಲಿ ಅದಕ್ಕೂ ಜಾಗವಿದೆ.

ಬೆನ್ನುಮೂಳೆಯಿರುವ, ನಿನ್ನ,
ತಿಹೊಮಿರ್

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ರಾದಿಸಾವ್ ಕೂಡ ಬಂದಿದ್ದ. ಸ್ಲಾವಾದ ದಿನ ಬಂದವರನ್ನು ಯಾರೂ ಹಿಂದಕ್ಕೆ ಕಳಿಸುವಂತಿಲ್ಲ, ಅದು ಅವನಿಗೂ ಗೊತ್ತು. ಆ ಮೇಜಿನಲ್ಲಿ ಕುಳಿತು ಎದ್ದರೆ ಊರು ತನ್ನನ್ನು ಕ್ಷಮಿಸಿದಂತೆ ಎಂದುಕೊಂಡಿರಬೇಕು. ಅತ್ತೆ "ಬಾ, ಕೂತ್ಕೋ" ಅಂದರು. ಎಲ್ಲರಿಗೂ ಮೀನು ಬಡಿಸಿದವರು ಅವನಿಗೆ ಮಾತ್ರ ಹಿತ್ತಲ ಕೋಣೆಯಿಂದ ಮುಚ್ಚಿದ ಬಟ್ಟಲು ತಂದಿಟ್ಟರು. ಬೇಯಿಸಿದ ಗೋಧಿ, ಮೇಲೆ ಅಕ್ರೋಟು, ಸಕ್ಕರೆ, ನಡುವೆ ತಿಥಿಗೆ ಹಚ್ಚುವ ಸಣ್ಣ ಮೇಣದಬತ್ತಿ. "ನಮ್ಮನೇಲಿ ಗೋಧಿ ತಿಂತೀನಿ ಅಂದಿದ್ದೆಯಲ್ಲ. ಮಾತು ಸುಳ್ಳಾಗಬಾರ್ದು" ಅಂದರು. ಅವನು ಚಮಚ ಹಿಡಿದು, ಇದು ಯಾರ ಹೆಸರಿನಲ್ಲಿ ಎಂದು ಮೆಲ್ಲಗೆ ಕೇಳಿದ. "ನಿನ್ ಹೆಸರಲ್ಲೇ." ಮನೆಯವರು ಇಟ್ಟದ್ದನ್ನು ಬಿಡುವಂತಿಲ್ಲ, ಬಾಯಿಗಿಟ್ಟ. ಅವನು ನುಂಗುವ ಮೊದಲೇ ಮೇಜಿನ ಸುತ್ತ ಇದ್ದವರೆಲ್ಲ ಎದ್ದು ನಿಂತು, ಸತ್ತವರಿಗೆ ಹೇಳುವ ಹಾಗೆ, ದೇವರು ಇವನ ಆತ್ಮವನ್ನು ಕ್ಷಮಿಸಲಿ ಎಂದರು. ಮೊದಲು ಎದ್ದವನು ನಾನು.