ಹನ್ನೆರಡನೆಯ ಟೇಬಲ್ಲಿನ ಮನುಷ್ಯ

ಬರ್ಲಿನ್ ರೈಲು ನಿಲ್ದಾಣ
೧೩ ಅಕ್ಟೋಬರ್ ೨೦೦೮, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಬಿಪಿ ಮಾತ್ರೆ ತಿಂಡಿಗೆ ಮುಂಚೆ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಏಪ್ರನ್ ಜೇಬಿನಲ್ಲಿಟ್ಟು ಮರೆಯುತ್ತಿದ್ದೀಯೋ? ಗೋರ್ಲಿಟ್ಸ್‌ನಲ್ಲಿ ಚಳಿ ಶುರುವಾಗಿರಬೇಕು. ಆಲೂಗಡ್ಡೆ ತರಲು ನೆಲಮಾಳಿಗೆಗೆ ನೀನೇ ಇಳಿಯಬೇಡ, ಮೇಲಿನ ಮನೆಯವರಿಗೆ ಹೇಳು. ನಾನು ಚೆನ್ನಾಗಿದ್ದೇನೆ. ನನ್ನೂರು ಶ್ವೆರೀನ್‌ಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದಂತೆ ನಿನ್ನೆ ಇಲ್ಲಿ ಇಳಿದೆ. "ಬರ್ಲಿನ್‌ನಲ್ಲಿ ಲೋಥರ್ ಅಂತ ಒಬ್ರಿದ್ದಾರೆ ಕಣೇ, ಅವರ ಮನೆಗೆ ಹೋಗಿ ಇರೋಣ ಅಂತಿದೀನಿ. ನೀನೊಂದ್ಸಲ ನೋಡ್ಕೊಂಡು ಬಾ, ಬೇಡ ಅಂದ್ರೆ ಬೇಡ" ಅಂದೆಯಲ್ಲ, ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಅಪ್ಪ ಹೋಗಿ ಎರಡು ವರ್ಷ ತುಂಬಿಲ್ಲ. ಒಂಟಿ ಹೆಂಗಸಿನ ಪಿಂಚಣಿಗೂ ಅವಳ ಕೈಯ ಬಿಸಿ ಸೂಪಿಗೂ ಗಾಳ ಹಾಕುವ ಮುದುಕರು ಈ ದೇಶದಲ್ಲಿ ಕಡಿಮೆಯೇನಿಲ್ಲ. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು ನಾನು, ನಿದ್ದೆ ಮಾಡುವವನು ಯಾರು, ನಿದ್ದೆ ನಟಿಸುವವನು ಯಾರು ಎಂದು ಬಾಗಿಲಲ್ಲೇ ಹೇಳಬಲ್ಲೆ. ಭಾನುವಾರ ಮಧ್ಯಾಹ್ನ ಹಳೆಯ ನೃತ್ಯಶಾಲೆಯ ಹನ್ನೆರಡನೆಯ ಟೇಬಲ್ಲಿನಲ್ಲಿ ಸಿಗುತ್ತಾನೆ ಎಂದು ನೀನು ಹೇಳಿದ್ದೆ. ನಾನು ಬರುವುದನ್ನು ಅವನಿಗೆ ತಿಳಿಸಬೇಡ ಎಂದೂ ನಾನು ನಿನಗೆ ಹೇಳಿದ್ದೆ.

ಆ ಜಾಗವೇ ನನಗೆ ಹಿಡಿಸಲಿಲ್ಲ. ಹೊರಗೋಡೆಯಲ್ಲಿ ಯುದ್ಧದ ಗುಂಡಿನ ತೂತುಗಳು ಹಾಗೆಯೇ ಇವೆ. ಅರವತ್ತು ವರ್ಷ ಗಾರೆ ಮೆತ್ತಲು ಯಾರಿಗೂ ಪುರುಸೊತ್ತಾಗಲಿಲ್ಲ, ಈಗ ಅದನ್ನೇ ಚರಿತ್ರೆ ಎಂದು ತೋರಿಸುತ್ತಾರೆ. ಚಕ್ರವರ್ತಿಯ ಕಾಲದ ಅಧಿಕಾರಿಗಳು ಕುಣಿದದ್ದೂ ಅಲ್ಲೇ, ಹಿಟ್ಲರನ ಕಂದು ಅಂಗಿಯವರು ಕುಣಿದದ್ದೂ ಅಲ್ಲೇ, ಆಮೇಲೆ ಪೂರ್ವ ಜರ್ಮನಿಯ ನಮ್ಮ ಕಮ್ಯುನಿಸ್ಟ್ ಪಾರ್ಟಿಯ ದೊಡ್ಡವರು ಕುಣಿದದ್ದೂ ಅಲ್ಲೇ. ಯಾರು ಬಂದರೂ ಬೇಡವೆನ್ನದ ನೆಲವನ್ನು ನಾನು ನಂಬುವುದಿಲ್ಲ. ಸಾಲದ್ದಕ್ಕೆ ಪ್ರತಿ ಟೇಬಲ್ಲಿಗೂ ಒಂದು ಫೋನು, ಮೇಲೊಂದು ನಂಬರು. ಯಾರು ಕಣ್ಣಿಗೆ ಬಿದ್ದರೋ ಅವರ ನಂಬರು ತಿರುಗಿಸಿ ಕುಣಿಯಲು ಕರೆಯಬೇಕು. ನಮಗೆಲ್ಲ ಮನೆಗೊಂದು ಫೋನು ಸಿಗಲು ಅರ್ಧ ಆಯಸ್ಸು ಕಾಯಬೇಕಿದ್ದ ಕಾಲದಲ್ಲಿ ಇಲ್ಲಿ ಬಿಯರ್ ಕುಡಿಯುವವರಿಗೆಲ್ಲ ಒಂದೊಂದು ಕೊಟ್ಟಿದ್ದರು ಎಂದರೆ, ಕದ್ದು ಕೇಳಿಸಿಕೊಳ್ಳುವವರು ಇನ್ನೆಲ್ಲೋ ಕೂತಿದ್ದರು ಎಂದೇ ಅರ್ಥ. ರಿಸೀವರ್ ಎತ್ತಿ ಮೊದಲು ಯಾರದಾದರೂ ಉಸಿರು ಕೇಳುತ್ತದೆಯೇ ಎಂದು ಕಿವಿಗೊಟ್ಟೆ.

ಕಂಬದ ಹಿಂದಿನ ಟೇಬಲ್ಲು ಹಿಡಿದು ಒಂದು ಲೋಟ ಸೋಡಾ ಇಟ್ಟುಕೊಂಡು ಕೂತೆ. ಬಡಿಸುವವಳು ಮೋನಿ ಅಂತ, ಅಪ್ಪಟ ಬರ್ಲಿನ್ ಬಾಯಿ. "ಏನಮ್ಮಾ, ಬರೀ ನೀರು ಕುಡ್ಕೊಂಡು ಕೂರೋಕೆ ಇದೇನು ಸ್ಟೇಷನ್ನಾ? ಕೇಕ್ ತಿನ್ನು, ಇಲ್ಲಾ ಎದ್ದು ಕುಣಿ" ಅಂದಳು. ನಿನ್ನ ಲೋಥರ್ ಕುಣಿಯುತ್ತಲೇ ಇದ್ದ. ಎಂಬತ್ತರ ಹತ್ತಿರದ ಮನುಷ್ಯ, ಹೊಳೆಯುವ ಬೂಟು, ನೇರ ಬೆನ್ನು. ಒಬ್ಬಳಾದ ಮೇಲೆ ಒಬ್ಬಳು, ಪ್ರತಿಯೊಬ್ಬಳನ್ನೂ ಅವಳ ಕುರ್ಚಿಯವರೆಗೆ ಬಿಟ್ಟು ತಲೆಬಾಗಿ ಬರುತ್ತಿದ್ದ. ಇಷ್ಟು ನಯವಾಗಿರುವವರ ಹತ್ತಿರ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಪರೀಕ್ಷೆ ಮಾಡಿಯೇಬಿಡೋಣ ಎಂದು, ಅವನು ತನ್ನ ಟೇಬಲ್ಲಿಗೆ ಮರಳಿದೊಡನೆ ಹನ್ನೆರಡನೆಯ ನಂಬರಿಗೆ ಫೋನು ಹಚ್ಚಿ, ದನಿ ಬದಲಿಸಿ, ನಾನೊಬ್ಬ ವಿಧವೆ, ಕೆರೆಯ ದಂಡೆಯಲ್ಲಿ ಸ್ವಂತ ಮನೆಯಿದೆ, ಒಬ್ಬಳಿಗೇ ಬೇಸರ ಎಂದೆ. ನಗಬೇಡ.  ಅವನು, "ನೀವು ಗೆರ್ಲಿಂಡೆ ಅಲ್ವಾ? ಕಂಬದ ಹಿಂದೆ ಕೂತು ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡ್ತಿದೀರಿ. ನಿಮ್ಮಪ್ಪಾನೂ ಇದೇ ಟೇಬಲ್ಲಿಂದ ಹಿಂಗೇ ಮಾತಾಡ್ತಿದ್ರು" ಎಂದ.

ನನ್ನ ಅಪ್ಪ. ಕುಣಿತದ ಮನೆಯಲ್ಲಿ. ಮುಂದಿನದೆಲ್ಲ ನಿನಗೆ ಗೊತ್ತೇ ಇದೆ, ಆದರೂ ನನಗೆ ಅದು ಹೇಗೆ ಕೇಳಿಸಿತು ಎಂಬುದು ನಿನಗೂ ತಿಳಿಯಲಿ ಎಂದು ಬರೆಯುತ್ತೇನೆ. ಲೋಥರ್ ಎದ್ದು ಬಂದು ನನ್ನೆದುರು ಕೂತ. ಕಾರ್ಖಾನೆಯಲ್ಲಿ ಅಪ್ಪನ ಸೊಂಟ ಮುರಿದ ಮೇಲೆ ಅವನಿಗೆ ಕುಣಿಯಲು ಆಗುತ್ತಿರಲಿಲ್ಲ, ನಿನಗೆ ಕುಣಿಯದೆ ಇರಲು ಆಗುತ್ತಿರಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನಿನ್ನನ್ನು ಇಲ್ಲಿಗೆ ಕರೆತಂದು, ತಾನು ಕಂಬದ ಹಿಂದೆ ಕೂತು, ನಿನಗೆ ಜೊತೆಗಾರರನ್ನು ಫೋನಿನಲ್ಲಿ ಗೊತ್ತುಮಾಡುತ್ತಿದ್ದನಂತೆ. "ನಮ್ಮನೆಯವಳಿಗೆ ಒಂದು ವಾಲ್ಟ್ಸ್ ಬೇಕಂತೆ. ನನ್ನ ಸೊಂಟ ರಜೆ ಹಾಕಿದೆ. ಕಾಲು ತುಳೀದೆ ಕುಣಿಸ್ತೀಯೇನಯ್ಯಾ?" ಒಬ್ಬ ಬಿಗಿಯಾಗಿ ಹಿಡಿದ ಎಂದು ಅಪ್ಪ ಅವನನ್ನು ಬಿಟ್ಟ, ಇನ್ನೊಬ್ಬ ಕುಣಿಯುತ್ತ ಗಡಿಯಾರ ನೋಡಿದ ಎಂದು ಅವನನ್ನೂ ಬಿಟ್ಟ. ಕೊನೆಗೆ ಪ್ರತಿ ವರ್ಷ ಹನ್ನೆರಡನೆಯ ಟೇಬಲ್ಲಿಗೇ, ಅಂದರೆ ಲೋಥರ್‌ಗೇ, ಫೋನು. ನಾನು ನಂಬಲಿಲ್ಲ. ಅಪ್ಪನ ಸೊಂಟದ ಯಾವ ಪಕ್ಕ ಮುರಿದದ್ದು, ಸೇದುತ್ತಿದ್ದದ್ದು ಯಾವ ತಂಬಾಕು, ಸಿಟ್ಟು ಬಂದರೆ ಏನು ಮಾಡುತ್ತಿದ್ದ ಎಂದು ಒಂದೊಂದೇ ಕೇಳಿದೆ, ಎಲ್ಲಕ್ಕೂ ಉತ್ತರವಿತ್ತು. ಮೋನಿಯನ್ನೂ ಕರೆದು ಕೇಳಿದೆ. "ಹೆಂಡ್ತಿಗೆ ಗಂಡಸ್ರನ್ನ ಹುಡುಕ್ಕೊಡ್ತಿದ್ದ ಕುಂಟಪ್ಪ ತಾನೆ? ಅವರು ಬಂದ್ರೆ ಇಡೀ ಹಾಲ್ ಫೋನ್ ಪಕ್ಕಾನೇ ಕೂರ್ತಿತ್ತು" ಎಂದಳು.

ಅಮ್ಮಾ, ನನಗೆ ಸಿಟ್ಟು ಬಂತು. ಸೊಂಟದ ಚಿಕಿತ್ಸೆಗೆ ಹೋಗುತ್ತೇವೆಂದು ಹೇಳಿ ಹೋಗುತ್ತಿದ್ದಿರಿ, ನಾನು ಮುಲಾಮು ಕಟ್ಟಿಕೊಡುತ್ತಿದ್ದೆ. ಹದಿನಾರರಲ್ಲಿ ಒಂದು ರಾತ್ರಿ ಕುಣಿಯಲು ಹೋದದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದ ಅಪ್ಪ, ಫೋನು ಹಿಡಿದು ಊರವರನ್ನೆಲ್ಲ ನಗಿಸುತ್ತಿದ್ದನಂತೆ. ಆ ಅಪ್ಪನನ್ನು ನಾನು ಒಮ್ಮೆಯೂ ನೋಡಲಿಲ್ಲ, ಅವನನ್ನು ಇಬ್ಬರು ಅಪರಿಚಿತರಿಂದ ತಿಳಿಯಬೇಕಾಯಿತು ಎಂದು ಹೊಟ್ಟೆ ಉರಿಯಿತು, ಅಲ್ಲೇ ಅತ್ತೆ. ಸಂಜೆ ಮುದುಕರೆಲ್ಲ ಕೋಟು ಹಾಕಿಕೊಂಡು ಹೊರಟರು, ರಾತ್ರಿಯ ಪಾಳಿಗೆ ಬಂದವರಂತೆ ಹುಡುಗ ಹುಡುಗಿಯರು ನುಗ್ಗಿದರು. ಅವರಿಗೆ ಆ ಫೋನುಗಳು ಆಟದ ಸಾಮಾನು. ನಾನು ಬಿಲ್ ಕಟ್ಟಿ ಎದ್ದೆ.

ಒಂದು ಅನುಮಾನ ಮಾತ್ರ ಉಳಿದಿದೆ. ಕೊನೆಯ ವರ್ಷ ಅಪ್ಪ ಹನ್ನೆರಡಕ್ಕೆ ಫೋನು ಮಾಡಿ ವಾಲ್ಟ್ಸ್ ಕೇಳಲಿಲ್ಲವಂತೆ, ನೀನು ಕೈ ತೊಳೆಯಲು ಹೋಗಿದ್ದಾಗ ಬಹಳ ಹೊತ್ತು ಮಾತಾಡಿದನಂತೆ. ಏನು ಹೇಳಿದ ಎಂದು ಕೇಳಿದರೆ "ಅದು ನಮ್ಮಿಬ್ಬರದು, ಬಿಡಿ" ಎಂದು ಲೋಥರ್ ಮೇಜುಬಟ್ಟೆ ನೇವರಿಸಿದ. ನನಗೆ ಇದು ಸರಿಬರಲಿಲ್ಲ. ಇನ್ನೊಮ್ಮೆ ಕೇಳುತ್ತೇನೆ.

ಮಾತ್ರೆ ಮರೆಯಬೇಡ. ಮೇಲಿನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕೆನ್ನೆಗೊಂದು ಮುತ್ತು.

ನಿನ್ನ ಮಗಳು,
ಗೆರ್ಲಿಂಡೆ

ತಾ.ಕ.: ರೈಲು ಬಂತು, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುವ ಮುಂಚೆ ಲೋಥರ್ ತಮ್ಮ ಮನೆ ತೋರಿಸಿದರು. ಕಿಟಕಿಯ ಪಕ್ಕ ಕಪಾಟು ಸರಿಸಿ ಖಾಲಿ ಜಾಗ ಮಾಡಿದ್ದಾರೆ. ಗೋರ್ಲಿಟ್ಸ್ ಮನೆಯಲ್ಲಿರುವ ಅಪ್ಪನ ಕುರ್ಚಿ ಬಿಟ್ಟು ನೀನು ಬರುವವಳಲ್ಲ ಎಂದು ಅವರಿಗೆ ಗೊತ್ತು, ಅದಕ್ಕೇ. "ಅದರಲ್ಲಿ ನಾನು ಕೂರಲ್ಲ" ಎಂದರು. ನೀನು ಹೋಗು ಅಮ್ಮಾ. ಕುರ್ಚಿಯನ್ನು ನಾನೇ ತಂದು ಇಳಿಸುತ್ತೇನೆ. ಅವರು ಕೂರುತ್ತಾರೋ ಇಲ್ಲವೋ ಎಂದು ಆಗಾಗ ಹೇಳದೆ ಬಂದು ನೋಡುತ್ತೇನೆ.